ಪಾಸಾದ ವಸ್ತುವನ್ನು ಮತ್ತೆ ಪರೀಕ್ಷೆ ಮಾಡುವುದು ಹೇಗೆ

ಆ ಫೋನ್ ಬಂದಾಗ ಪರೀಕ್ಷೆಯ ವರದಿ ನನ್ನ ಮೇಜಿನ ಮೇಲೇ ಇತ್ತು. ನಾವು ತಯಾರಿಸುತ್ತಿದ್ದದ್ದು ಮಕ್ಕಳ ಕೋಣೆಯಲ್ಲಿಡುವ ಪುಟ್ಟ ರಾತ್ರಿ ದೀಪ. ವರದಿಯ ಒಂದೊಂದು ಸಾಲಿನ ಎದುರೂ 'ಪಾಸ್' ಅಂತ ಇತ್ತು. ಫೋನಿನಲ್ಲಿ ಒಬ್ಬ ತಾಯಿ ಮಾತಾಡುತ್ತಿದ್ದರು. ದೀಪದ ರಿಮೋಟಿಗೆ ಹೊಸ ಬ್ಯಾಟರಿ ಹಾಕುವಾಗ ಮುಚ್ಚಳದ ಸ್ಕ್ರೂ ಎಲ್ಲೋ ಬಿದ್ದು ಕಳೆದುಹೋಗಿತ್ತು. ಅವರು ಮುಚ್ಚಳಕ್ಕೆ ಟೇಪ್ ಅಂಟಿಸಿದ್ದರು. ಎರಡು ತಿಂಗಳಲ್ಲಿ ಟೇಪ್ ಸಡಿಲವಾಯಿತು. ಒಂದು ದಿನ ನೋಡಿದರೆ ಅವರ ಒಂದೂವರೆ ವರ್ಷದ ಮಗು ಬಟನ್ ಬ್ಯಾಟರಿಯನ್ನು ಬೆರಳಲ್ಲಿ ಹಿಡಿದು ಕೂತಿತ್ತು.

ಮಗುವಿಗೆ ಏನೂ ಆಗಲಿಲ್ಲ. ಬಾಯಿಗೆ ಹೋಗುವ ಮೊದಲೇ ಅವರು ಕಿತ್ತುಕೊಂಡಿದ್ದರು. ಆದರೆ ಆ ರಿಮೋಟಿನಲ್ಲಿದ್ದದ್ದು ಸಿಆರ್2032 ಬ್ಯಾಟರಿ. 20 ಮಿ.ಮೀ. ಅಗಲ, 3 ವೋಲ್ಟ್. ಇಂಥದ್ದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ಕರೆಂಟ್ ಹರಿಯುತ್ತದೆ, ಕ್ಷಾರ ಹುಟ್ಟುತ್ತದೆ, 2 ಗಂಟೆಯೊಳಗೇ ಒಳಗಿನ ಪದರ ಸುಟ್ಟುಹೋಗಬಹುದು. ರಿಮೋಟ್ ನಡೆಸಲು ಆಗದಷ್ಟು ಖಾಲಿಯಾದ ಬ್ಯಾಟರಿಗೂ ಇದಕ್ಕೆ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ.

ನಾವು ಯಾವ ನಿಯಮವನ್ನೂ ಮುರಿದಿರಲಿಲ್ಲ. ನಮಗೆ ಅನ್ವಯಿಸುತ್ತಿದ್ದ ನಿಯಮ ಕೇಳಿದ್ದು ಇಷ್ಟೇ: ಬ್ಯಾಟರಿ ಮುಚ್ಚಳ ತೆಗೆಯಲು ಸಾಧನ ಬೇಕಾಗಬೇಕು. ಸ್ಕ್ರೂ ಇತ್ತು, ಸ್ಕ್ರೂಡ್ರೈವರ್ ಬೇಕಿತ್ತು, ಪಾಸ್. ಆ ಸ್ಕ್ರೂ ನೆಲಕ್ಕೆ ಬಿದ್ದು ಉರುಳಿಹೋದರೆ ಏನಾಗುತ್ತದೆ ಅಂತ ಯಾರೂ ಕೇಳಿರಲಿಲ್ಲ. ಗುಣಮಟ್ಟ ವಿಭಾಗದಲ್ಲಿದ್ದ ನಾನೂ ಕೇಳಿರಲಿಲ್ಲ.

ಕಾನೂನು ಕೇಳುವುದಕ್ಕಿಂತ ಜಾಸ್ತಿ ಪರೀಕ್ಷೆ ಮಾಡಬೇಕೇ ಎಂದು ಹೊಸಬರು ಕೇಳಿದಾಗ ನಾನು 'ಮಾಡಬೇಕು' ಅನ್ನುತ್ತೇನೆ. ಆದರೆ 'ಜಾಸ್ತಿ' ಅನ್ನುವ ಮಾತನ್ನು ಹೆಚ್ಚಿನವರು ತಪ್ಪಾಗಿ ತಿಳಿದುಕೊಳ್ಳುತ್ತಾರೆ. 50 ಕೆ.ಜಿ. ಭಾರ ಇಡಿ ಅಂದರೆ 100 ಇಡುವುದು, 5 ಸಲ ಬೀಳಿಸಿ ಅಂದರೆ 10 ಸಲ ಬೀಳಿಸುವುದು. ನಮ್ಮ ಸ್ಕ್ರೂವನ್ನು ಎರಡು ಪಟ್ಟು ಬಿಗಿ ಮಾಡಿದ್ದರೂ ಅದು ಕಳೆದೇ ಹೋಗುತ್ತಿತ್ತು. ಅಲ್ಲಿ ಬೇಕಿದ್ದದ್ದು ದೊಡ್ಡ ಸಂಖ್ಯೆಯಲ್ಲ, ಬೇರೆ ಪ್ರಶ್ನೆ. ಆ ಪ್ರಶ್ನೆಗಳನ್ನು ಹುಡುಕುವ ಕೆಲಸವನ್ನು ನಾನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಸಣ್ಣದಾಗಿ ಏನನ್ನಾದರೂ ತಯಾರಿಸಿ ಮಾರುವವರು, ಇಲ್ಲವೇ ತಯಾರಿಸುವ ಕಡೆ ಕೆಲಸ ಮಾಡುವವರು ನೀವಾಗಿದ್ದರೆ ಇದು ನಿಮಗೆ.

ಮಾನದಂಡವನ್ನು ಹಿಂದಿನಿಂದ ಓದಿ

ಸುರಕ್ಷತೆಯ ಮಾನದಂಡದಲ್ಲಿರುವ ಸಂಖ್ಯೆಗಳು ಸುಮ್ನೆ ಬಂದವಲ್ಲ. ಬಹುಪಾಲು ಸಂಖ್ಯೆಗಳ ಹಿಂದೆ ಒಂದು ಅಪಘಾತ ಇದೆ. ಚಿಕ್ಕ ಮಕ್ಕಳ ಆಟಿಕೆಯ ತುಂಡುಗಳನ್ನು ಅಳೆಯಲು 31.7 ಮಿ.ಮೀ. ಅಗಲದ ಒಂದು ಸಿಲಿಂಡರ್ ಇದೆ. ತುಂಡು ಅದರೊಳಗೆ ಪೂರ್ತಿ ಕೂತರೆ 3 ವರ್ಷದೊಳಗಿನ ಮಗುವಿಗೆ ಉಸಿರುಗಟ್ಟುವ ಅಪಾಯ ಇದೆ ಎಂದು ಲೆಕ್ಕ. ಆ ಪುಟ್ಟ ಕೊಳವೆ ಮಗುವಿನ ಗಂಟಲಿಗೆ ಬದಲಾಗಿ ನಿಂತಿದೆ.

ಹಾಗಾಗಿ ಒಂದೊಂದು ನಿಯಮ ಓದುವಾಗಲೂ ಒಂದು ಕಾಗದವನ್ನು ಎರಡು ಭಾಗ ಮಾಡಿಕೊಳ್ಳಿ. ಎಡಕ್ಕೆ ಈ ಪರೀಕ್ಷೆ ಏನನ್ನು ಊಹಿಸಿಕೊಂಡಿದೆ ಅಂತ ಬರೆಯಿರಿ. ಬಲಕ್ಕೆ ಮನೆಯಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ಬರೆಯಿರಿ.

ಬಟ್ಟೆ ಇಡುವ ಡ್ರಾಯರ್ ಬೀರುವನ್ನು ನೋಡಿ. ಮಕ್ಕಳು ಹತ್ತಿದಾಗ ಅದು ಅವರ ಮೇಲೆಯೇ ಉರುಳುವುದು ಹಳೆಯ ಅಪಾಯ. ಅಮೆರಿಕದಲ್ಲಿ ಬಹಳ ಕಾಲ ನಡೆದ ಪರೀಕ್ಷೆಯಲ್ಲಿ ಖಾಲಿ ಬೀರುವನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಇಟ್ಟು, ಒಂದು ಡ್ರಾಯರ್ ಎಳೆದು, ಅದಕ್ಕೆ 50 ಪೌಂಡ್ ಭಾರ ತೂಗುಹಾಕುತ್ತಿದ್ದರು. 50 ಪೌಂಡ್ ಅಂದರೆ ಸುಮಾರು 23 ಕೆ.ಜಿ. ಉರುಳದಿದ್ದರೆ ಪಾಸ್. ಮನೆಯಲ್ಲಿ ನಡೆಯುವುದೇ ಬೇರೆ. ಕೆಳಗೆ ಕಾರ್ಪೆಟ್ ಇರುತ್ತದೆ, ಬೀರು ಸ್ವಲ್ಪ ಮುಂದಕ್ಕೆ ವಾಲಿರುತ್ತದೆ. ಡ್ರಾಯರ್ ತುಂಬ ಬಟ್ಟೆ. ಮಗು ಒಂದಲ್ಲ, ಎಲ್ಲ ಡ್ರಾಯರ್‌ಗಳನ್ನೂ ಎಳೆದು ಮೆಟ್ಟಿಲು ಮಾಡಿಕೊಳ್ಳುತ್ತದೆ. ಅದು ತೂಕದ ಕಲ್ಲಿನ ಹಾಗೆ ಅಲುಗಾಡದೆ ನೇತಾಡುವುದಿಲ್ಲ, ಜಗ್ಗುತ್ತದೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು ವರ್ಷಗಟ್ಟಲೆ ಹೋರಾಡಿದ ಮೇಲೆ, 2022ರ ಕೊನೆಯಲ್ಲಿ ಅಲ್ಲಿ ಹೊಸ ಕಾನೂನು ಬಂತು. 2023ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಪರೀಕ್ಷೆಯಲ್ಲಿ ಕಾರ್ಪೆಟ್ ಇದೆ, ತುಂಬಿದ ಡ್ರಾಯರ್ ಇದೆ, ಹಲವು ಡ್ರಾಯರ್ ಒಟ್ಟಿಗೆ ತೆರೆದಿರುವುದು ಇದೆ, 60 ಪೌಂಡ್ ತೂಕದ ಮಗು ಹತ್ತಿದಾಗ ಬೀಳುವ ಬಲ ಇದೆ.

ಇದರಲ್ಲಿ ಯಾವುದು 2023ರಲ್ಲಿ ಹೊಸದಾಗಿ ಗೊತ್ತಾದ ವಿಷಯ? ಕಾರ್ಪೆಟ್ ಮೊದಲೂ ಇತ್ತು. ಬಟ್ಟೆ ಮೊದಲೂ ಇತ್ತು. ಎಡ ಬಲ ಅಂತ ಎರಡು ಸಾಲು ಬರೆದುಕೊಂಡಿದ್ದರೆ ಯಾವ ತಯಾರಕರಿಗೂ ಒಂದು ಮಧ್ಯಾಹ್ನದಲ್ಲಿ ಹೊಳೆಯುವಂಥದ್ದು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಕೆಲಸ ಮಾಡಿ. ನಿಮ್ಮ ವಸ್ತುವಿಗೆ ಅನ್ವಯಿಸದ ಪಕ್ಕದ ಮಾನದಂಡಗಳನ್ನೂ ಓದಿ. ನಮ್ಮ ರಿಮೋಟ್ ಕಾನೂನಿನ ಪ್ರಕಾರ ಆಟಿಕೆ ಅಲ್ಲ. ಆದರೆ ಮಕ್ಕಳ ಕೋಣೆಯಲ್ಲಿರುವ, ಗುಂಡಿ ಒತ್ತಿದರೆ ಬಣ್ಣ ಬದಲಾಗುವ ವಸ್ತು ಮಗುವಿನ ಕಣ್ಣಿಗೆ ಆಟಿಕೆಯೇ ಅಲ್ವಾ? ಹಾಗಾಗಿ ಯುರೋಪಿನ ಆಟಿಕೆ ಮಾನದಂಡ ಇಎನ್ 71ರ ಪರೀಕ್ಷೆಗಳನ್ನು ನಾವು ಎರವಲು ತಂದೆವು. ಗಟ್ಟಿ ನೆಲಕ್ಕೆ 85 ಸೆಂ.ಮೀ. ಎತ್ತರದಿಂದ 5 ಸಲ ಬೀಳಿಸುವುದು, ಹಿಡಿತಕ್ಕೆ ಸಿಗುವ ಭಾಗವನ್ನು 90 ನ್ಯೂಟನ್ ಬಲದಲ್ಲಿ, ಅಂದರೆ ಸುಮಾರು 9 ಕೆ.ಜಿ. ಭಾರ ನೇತುಹಾಕಿದಷ್ಟು ಬಲದಲ್ಲಿ, 10 ಸೆಕೆಂಡ್ ಎಳೆಯುವುದು. ಯಾರೋ ವರ್ಷಗಟ್ಟಲೆ ಯೋಚಿಸಿ ಬರೆದಿಟ್ಟ ಪರೀಕ್ಷೆ ಅದು. ಎರವಲು ತರಲು ಯಾರ ಅಪ್ಪಣೆಯೂ ಬೇಕಿಲ್ಲ.

ಕೇಳಬೇಡಿ, ನೋಡಿ

'ನೀವು ಇದನ್ನು ಹೇಗೆ ಬಳಸುತ್ತೀರಿ?' ಎಂದು ಕೇಳಿದರೆ ಜನ ಕೈಪಿಡಿಯಲ್ಲಿರುವುದನ್ನೇ ಹೇಳುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ. ತಾವು ಟೇಪ್ ಅಂಟಿಸಿದ್ದು ಅವರಿಗೆ ಹೇಳುವಂಥ ವಿಷಯ ಅನ್ನಿಸುವುದೇ ಇಲ್ಲ.

ನಾನು ಮಾಡುವುದು ಇದು. ಒಂದು ವರ್ಷ ಬಳಸಿದ ವಸ್ತುಗಳನ್ನು ವಾಪಸ್ ತರಿಸಿಕೊಳ್ಳುತ್ತೇನೆ. ಬದಲಿಗೆ ಹೊಸದನ್ನು ಕೊಡುತ್ತೇವೆ. ಮೊದಲ ಸಲ ತರಿಸಿದ್ದು 12 ರಿಮೋಟ್. ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದಾಗ 3ರಲ್ಲಿ ಸ್ಕ್ರೂ ಇರಲಿಲ್ಲ. ಒಂದರ ಸ್ಕ್ರೂ ತಲೆ ಸವೆದು ಗುಂಡಗಾಗಿತ್ತು, ಅದನ್ನು ಯಾರೋ ಚಾಕುವಿನಿಂದ ಮೀಟಿ ತೆಗೆದಿದ್ದ ಗುರುತು ಇತ್ತು. ಎರಡರ ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು. ಯಾವ ಪ್ರಯೋಗಾಲಯದ ವರದಿಯೂ ನನಗೆ ಅಷ್ಟು ಕಲಿಸಿಲ್ಲ.

ಸುರಕ್ಷತೆಯ ಕೆಲಸದಲ್ಲಿರುವವರು 'ಮುಂಗಾಣಬಹುದಾದ ದುರ್ಬಳಕೆ' ಎಂಬ ಮಾತು ಬಳಸುತ್ತಾರೆ. ಜನ ತಪ್ಪಾಗಿ ಬಳಸುತ್ತಾರೆ ಎಂದು ಮೊದಲೇ ಊಹಿಸಬಹುದಾದರೆ, ಅದೂ ವಿನ್ಯಾಸದ ಲೆಕ್ಕಕ್ಕೆ ಸೇರಬೇಕು ಅನ್ನುವುದು ಅದರ ಅರ್ಥ. ನನಗೆ 'ದುರ್ಬಳಕೆ' ಅನ್ನುವ ಪದ ಇಷ್ಟವಿಲ್ಲ. ಸ್ಕ್ರೂ ಕಳೆದಾಗ ಟೇಪ್ ಹಚ್ಚಿದ ತಾಯಿ ಏನನ್ನೂ ದುರ್ಬಳಕೆ ಮಾಡಲಿಲ್ಲ. ಕೈಲಿದ್ದದ್ದರಲ್ಲಿ ಮಗುವನ್ನು ಕಾಪಾಡಲು ನೋಡಿದರು.

ಎಲ್ಲವನ್ನೂ ಮೀರಬೇಡಿ, ಆರಿಸಿ

ಪರೀಕ್ಷೆಗೆ ಸಮಯ ಬೇಕು, ಹಣ ಬೇಕು, ಒಡೆದುಹಾಕಲು ವಸ್ತು ಬೇಕು. ಎಲ್ಲದರಲ್ಲೂ ಕಾನೂನನ್ನು ಮೀರುತ್ತೇನೆ ಅಂತ ಹೊರಟವರು ಮೂರನೇ ತಿಂಗಳಿಗೆ ಕೈಬಿಡುತ್ತಾರೆ. ಆರಿಸಲು ನನಗೆ ಒಂದೇ ಪ್ರಶ್ನೆ: ಇದು ಕೆಟ್ಟರೆ ಆಗುವ ಗಾಯ ವಾಸಿಯಾಗುವಂಥದ್ದೇ?

ಅನೇಕ ಕಡೆ ಅಪಾಯಕ್ಕೆ ಅಂಕ ಕೊಡುವ ಪದ್ಧತಿ ಇದೆ. ತೀವ್ರತೆಗೆ 1ರಿಂದ 10, ಎಷ್ಟು ಸಲ ಆಗಬಹುದು ಅನ್ನುವುದಕ್ಕೆ 1ರಿಂದ 10, ಮೊದಲೇ ಪತ್ತೆಹಚ್ಚುವುದು ಎಷ್ಟು ಕಷ್ಟ ಅನ್ನುವುದಕ್ಕೆ 1ರಿಂದ 10. ಮೂರನ್ನೂ ಗುಣಿಸಿ ದೊಡ್ಡದರಿಂದ ಶುರು ಮಾಡುತ್ತಾರೆ. ಪದ್ಧತಿ ಒಳ್ಳೆಯದೇ, ಆದರೆ ಗುಣಾಕಾರದಲ್ಲಿ ಒಂದು ಮೋಸ ಇದೆ. ಮಗು ಬ್ಯಾಟರಿ ನುಂಗುವುದಕ್ಕೆ 10, 2, 2 ಕೊಟ್ಟರೆ ಬರುವುದು 40. ದೀಪದ ಬಣ್ಣ ಕಿತ್ತು ಬಟ್ಟೆಗೆ ಅಂಟುವುದಕ್ಕೆ 4, 5, 5 ಕೊಟ್ಟರೆ 100. ಪಟ್ಟಿಯಲ್ಲಿ ಬಣ್ಣ ಮೇಲೆ ಬಂತು, ಬ್ಯಾಟರಿ ಕೆಳಗೆ ಹೋಯಿತು. ನಮ್ಮಲ್ಲಿ ಹೆಚ್ಚುಕಡಿಮೆ ಹೀಗೇ ಆಗಿತ್ತು. ಈಗ ನಾನು ತೀವ್ರತೆ 9 ಅಥವಾ 10 ಇರುವುದನ್ನು ಗುಣಾಕಾರಕ್ಕೇ ಬಿಡುವುದಿಲ್ಲ. ಅವು ನೇರವಾಗಿ ಮೇಲೆ. ಬಣ್ಣ ಮಾಸುವುದು, ಗುಂಡಿ ಸವೆಯುವುದು ಇಂಥವಕ್ಕೆ ಕಾನೂನು ಕೇಳಿದಷ್ಟು ಮಾಡಿದರೆ ಸಾಕು.

ಎಷ್ಟು ಪೀಸ್, ಎಲ್ಲಿಂದ ತೆಗೆದದ್ದು

'ಮೂರು ಪೀಸ್ ಪರೀಕ್ಷೆ ಮಾಡಿದೆವು, ಒಂದೂ ಫೇಲ್ ಆಗಲಿಲ್ಲ' ಅಂತ ಯಾರಾದರೂ ಖುಷಿಯಿಂದ ಹೇಳಿದರೆ ನಾನು ಒಂದು ಸಣ್ಣ ಲೆಕ್ಕ ತೋರಿಸುತ್ತೇನೆ. 30 ಪೀಸ್ ಪರೀಕ್ಷಿಸಿ ಒಂದೂ ಫೇಲ್ ಆಗದಿದ್ದರೆ, ಶೇ. 95 ನಂಬಿಕೆಯಿಂದ ಹೇಳಬಹುದಾದದ್ದು ಇಷ್ಟೇ: ಒಟ್ಟಾರೆ ಫೇಲ್ ಆಗುವವು ಶೇ. 10ಕ್ಕಿಂತ ಕಡಿಮೆ. 300 ಪರೀಕ್ಷಿಸಿ ಒಂದೂ ಫೇಲ್ ಆಗದಿದ್ದರೆ ಶೇ. 1ಕ್ಕಿಂತ ಕಡಿಮೆ. 3ನ್ನು ಪೀಸ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಆಯಿತು, ಪೀಸ್ ತೀರ ಕಡಿಮೆ ಇಲ್ಲದಿದ್ದರೆ ಈ ಲೆಕ್ಕ ನಡೆಯುತ್ತದೆ. ಮೂರೇ ಪೀಸ್‌ನಿಂದ ಗೊತ್ತಾಗುವುದು ಹೆಚ್ಚುಕಡಿಮೆ ಏನೂ ಇಲ್ಲ.

300 ಪೀಸ್ ಒಡೆಯಲು ಎಲ್ಲರಿಗೂ ಆಗುವುದಿಲ್ಲ, ಗೊತ್ತು. ಅದಕ್ಕೊಂದು ದಾರಿ ಇದೆ. ಪಾಸ್ ಆಯಿತು ಅಂತ ನಿಲ್ಲಿಸಬೇಡಿ, ಮುರಿಯುವವರೆಗೂ ಎಳೆಯಿರಿ. 90 ನ್ಯೂಟನ್‌ಗೆ ಮುಚ್ಚಳ ಉಳಿಯಬೇಕು ಅಂತ ನಿಯಮ ಅಂದುಕೊಳ್ಳಿ. ಒಂದು ವಿನ್ಯಾಸದ ಮುಚ್ಚಳಗಳು 94, 97, 131, 160ಕ್ಕೆ ಕಿತ್ತು ಬಂದವು. ಇನ್ನೊಂದರವು 148, 151, 150, 153ಕ್ಕೆ ಬಂದವು. ವರದಿಯಲ್ಲಿ ಎರಡೂ ಪಾಸ್. ಆದರೆ ಮೊದಲನೆಯದರಲ್ಲಿ ಅಚ್ಚು ಸ್ವಲ್ಪ ಸವೆದರೂ, ಪ್ಲಾಸ್ಟಿಕ್ ಸ್ವಲ್ಪ ಬದಲಾದರೂ 90ರ ಕೆಳಗೆ ಇಳಿಯುತ್ತದೆ. ಅಂಕಿಗಳು ಎಷ್ಟು ಚದುರಿವೆ ಅನ್ನುವುದೇ ನಿಮ್ಮ ಮೊದಲ ಎಚ್ಚರಿಕೆ. ಕಡಿಮೆ ಪೀಸ್ ಇದ್ದಾಗ ಇದಕ್ಕಿಂತ ಹೆಚ್ಚು ಮಾತಾಡುವ ಪರೀಕ್ಷೆ ನಾನು ಕಂಡಿಲ್ಲ.

ಪೀಸ್ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಪ್ರಯೋಗಾಲಯಕ್ಕೆ ಹೋಗುವ ಮಾದರಿಯನ್ನು ಎಷ್ಟೋ ಸಲ ಅನುಭವಿ ಕೆಲಸಗಾರರು ನಿಧಾನವಾಗಿ, ನೋಡಿ ನೋಡಿ ಜೋಡಿಸಿರುತ್ತಾರೆ. ನೀವು ಪರೀಕ್ಷಿಸಬೇಕಾದದ್ದು ಪಾಳಿಯ ಕೊನೆಯ ಗಂಟೆಯಲ್ಲಿ ಜೋಡಿಸಿ, ಪ್ಯಾಕ್ ಮಾಡಿ, ಸೀಲ್ ಹಾಕಿಟ್ಟ ಪೆಟ್ಟಿಗೆಯಿಂದ ತೆಗೆದದ್ದನ್ನು. ಪೆಟ್ಟಿಗೆ ಆರಿಸುವ ಕೆಲಸವನ್ನು ಉತ್ಪಾದನೆಯವರಿಗೆ ಬಿಡಬೇಡಿ.

ಒಂದೇ ಪೀಸ್, ಪೂರ್ತಿ ಆಯುಷ್ಯ

ಬೀಳಿಸುವ ಪರೀಕ್ಷೆಗೆ ಒಂದು ಹೊಸ ಪೀಸ್, ಬಿಸಿಯ ಪರೀಕ್ಷೆಗೆ ಇನ್ನೊಂದು ಹೊಸ ಪೀಸ್ ತೆಗೆದುಕೊಳ್ಳುವುದು ಸುಲಭ. ಮನೆಯಲ್ಲಿ ಮಾತ್ರ ಒಂದೇ ರಿಮೋಟ್ ಎಲ್ಲವನ್ನೂ ಅನುಭವಿಸುತ್ತದೆ. ಹಾಗಾಗಿ ನಾವು ಒಂದೇ ಪೀಸನ್ನು ಸಾಲಾಗಿ ಎಲ್ಲದರ ಮೂಲಕ ಕಳಿಸುತ್ತೇವೆ. ಮೊದಲು ಮುಚ್ಚಳವನ್ನು 50 ಸಲ ಬಿಚ್ಚಿ ಹಾಕುವುದು. ಆಮೇಲೆ ಒಂದು ವಾರ 60 ಡಿಗ್ರಿ ಬಿಸಿಯಲ್ಲಿ ಇಡುವುದು. ಆಮೇಲೆ ಬೀಳಿಸುವುದು. ಕೊನೆಗೆ ಎಳೆಯುವುದು. ಹೊಸದಾಗಿದ್ದಾಗ 150ಕ್ಕೆ ಕಿತ್ತ ಮುಚ್ಚಳ ಇಷ್ಟೆಲ್ಲ ಆದ ಮೇಲೆ 70ಕ್ಕೇ ಕಿತ್ತು ಬಂದದ್ದನ್ನು ನಾನು ನೋಡಿದ್ದೇನೆ. ಈ ಸಾಲಿನ ಅಂಕಿಗಳು ನಮ್ಮವು. ನಿಮ್ಮ ವಸ್ತುವಿನ ದಿನಚರಿ ನೋಡಿ ನಿಮ್ಮ ಸಾಲು ಬರೆದುಕೊಳ್ಳಿ.

ಜಾಸ್ತಿ ಬಿಗಿ ಮಾಡಿದರೂ ಅಪಾಯ

ಆ ಫೋನ್ ಬಂದ ಮೇಲೆ ನಮಗೆ ಹೊಳೆದ ಮೊದಲ ಪರಿಹಾರ ತ್ರಿಕೋನ ತಲೆಯ ವಿಶೇಷ ಸ್ಕ್ರೂ. ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗುವುದಿಲ್ಲ, ಮಗು ತೆಗೆಯುವ ಮಾತೇ ಇಲ್ಲ. 8 ಜನ ದೊಡ್ಡವರ ಕೈಗೆ ಕೊಟ್ಟು ಬ್ಯಾಟರಿ ಬದಲಿಸಲು ಹೇಳಿದೆವು. 5 ಜನ ಮುಚ್ಚಳವನ್ನು ಚಾಕುವಿನಿಂದಲೋ ಕತ್ತರಿಯಿಂದಲೋ ಮೀಟಿ ಮುರಿದರು. ಮುರಿದ ಮುಚ್ಚಳ ಮತ್ತೆ ಕೂರುವುದಿಲ್ಲ. ಸುರಕ್ಷತೆ ಹೆಚ್ಚಿಸಲು ಹೋಗಿ ಇದ್ದದ್ದನ್ನೂ ಕಳೆಯುತ್ತಿದ್ದೆವು.

ಔಷಧಿ ಬಾಟಲಿಯ ಮುಚ್ಚಳದವರು ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದ್ದಾರೆ. ಅಮೆರಿಕದಲ್ಲಿ ಮಕ್ಕಳಿಗೆ ತೆಗೆಯಲಾಗದ ಪ್ಯಾಕಿಂಗ್ ಬೇಕೆಂಬ ಕಾನೂನು ಬಂದದ್ದು 1970ರಲ್ಲಿ. ಅದರ ಪರೀಕ್ಷೆಗೆ ಎರಡು ಮುಖ ಇದೆ. 42ರಿಂದ 51 ತಿಂಗಳ ಮಕ್ಕಳಿಗೆ ಬಾಟಲಿ ಕೊಡುತ್ತಾರೆ. ನಡುವೆ ಒಂದು ಸಲ ತೆಗೆದು ತೋರಿಸಿದ ಮೇಲೂ, ಒಟ್ಟು 10 ನಿಮಿಷದಲ್ಲಿ ಶೇ. 80ರಷ್ಟು ಮಕ್ಕಳಿಗಾದರೂ ತೆಗೆಯಲು ಆಗಬಾರದು. ಜೊತೆಗೆ 50ರಿಂದ 70 ವರ್ಷದವರಲ್ಲಿ ಶೇ. 90ರಷ್ಟು ಜನ ಅದನ್ನು ತೆಗೆದು ಸರಿಯಾಗಿ ಮುಚ್ಚಬೇಕು. ಈ ಎರಡನೆಯ ಮುಖ ಇಲ್ಲದಿದ್ದರೆ ಕೈನೋವಿನ ಅಜ್ಜಿ ಮುಚ್ಚಳವನ್ನು ತೆಗೆದೇ ಇಡುತ್ತಾರೆ, ಮೊಮ್ಮಗು ಬಂದಾಗ ಮಾತ್ರೆ ಸುಲಭವಾಗಿ ಕೈಗೆ ಸಿಗುತ್ತದೆ.

ಕಡ್ಡಾಯ ಪರೀಕ್ಷೆಯೇ ಬೇರೆ ಅಪಾಯ ತಂದದ್ದೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 1975ರ ಒಂದು ನಿಯಮದ ಪ್ರಕಾರ ಸೋಫಾದ ಒಳಗಿನ ಫೋಮ್ ಸಣ್ಣ ಜ್ವಾಲೆಯನ್ನು 12 ಸೆಕೆಂಡ್ ತಡೆಯಬೇಕಿತ್ತು. ತಯಾರಕರು ಫೋಮಿಗೆ ಬೆಂಕಿ ತಡೆಯುವ ರಾಸಾಯನಿಕ ಸೇರಿಸಿದರು. ಆ ರಾಸಾಯನಿಕಗಳು ಮನೆಯ ಧೂಳಿಗೆ ಬಂದವು, ಜನರ ಮೈಯಲ್ಲೂ ಕಂಡುಬಂದವು. 2013ರಲ್ಲಿ ನಿಯಮ ಬದಲಾಯಿತು. ಮೇಲಿನ ಬಟ್ಟೆ ಸಿಗರೇಟಿನಂಥ ಕೆಂಡಕ್ಕೆ ಹೇಗೆ ಹೊಗೆಯಾಡುತ್ತದೆ ಅನ್ನುವುದನ್ನು ನೋಡತೊಡಗಿದರು.

ಹಾಗಾಗಿ ಹೊಸದಾಗಿ ಏನನ್ನಾದರೂ ಬಿಗಿ ಮಾಡುವಾಗ ಕೇಳಿಕೊಳ್ಳಿ: ಈ ಬಿಗಿ ಯಾರಿಗೆ ಕಷ್ಟ ಕೊಡುತ್ತದೆ, ಅವರು ಆಗ ಏನು ಮಾಡುತ್ತಾರೆ? ಆ ಜನರನ್ನೇ ಕರೆದು ಪರೀಕ್ಷಿಸಿ. ನಾವು ಕೊನೆಗೆ ಸಾಮಾನ್ಯ ಸ್ಕ್ರೂಗೇ ವಾಪಸ್ ಬಂದೆವು. ಆದರೆ ಅದು ಪೂರ್ತಿ ಬಿಚ್ಚಿದರೂ ಮುಚ್ಚಳದಲ್ಲೇ ಉಳಿಯುವಂತೆ, ಕೆಳಗೆ ಬೀಳದಂತೆ ಮಾಡಿದೆವು. ಸಣ್ಣ ಬದಲಾವಣೆ. ಆಮೇಲೆ 2022ರಲ್ಲಿ ಅಮೆರಿಕದಲ್ಲಿ ಬಟನ್ ಬ್ಯಾಟರಿಯ ಬಗ್ಗೆ 'ರೀಸ್ ಕಾನೂನು' ಬಂತು. ಅದರ ಅಡಿಯಲ್ಲಿ ಒಪ್ಪಿಕೊಂಡ ಯುಎಲ್ 4200ಎ ಮಾನದಂಡ ಕೇಳುವುದೂ ಇದನ್ನೇ: ಸ್ಕ್ರೂ ಮುಚ್ಚಳದಿಂದ ಬೇರೆಯಾಗಬಾರದು. ಆ ಕಾನೂನಿಗೆ ಇಟ್ಟಿರುವುದು ಬಟನ್ ಬ್ಯಾಟರಿ ನುಂಗಿ ತೀರಿಕೊಂಡ ಒಂದೂವರೆ ವರ್ಷದ ಮಗುವಿನ ಹೆಸರು.

'ಕಾನೂನು ಕೇಳಿಲ್ಲವಲ್ಲ' ಅಂದಾಗ

ಈ ಮಾತನ್ನು ನೀವು ಖಂಡಿತ ಕೇಳುತ್ತೀರಿ. ಹೇಳುವವರು ಕೆಟ್ಟವರಲ್ಲ. ಎದುರಾಳಿ ಕಂಪನಿ ಅಷ್ಟನ್ನೂ ಮಾಡದೆ ಮಾರುತ್ತಿರುತ್ತದೆ, ಹಣದ ಜವಾಬ್ದಾರಿ ಇವರ ತಲೆ ಮೇಲಿರುತ್ತದೆ. ಅವರ ಹತ್ತಿರ ಒಳ್ಳೆಯತನದ ಬಗ್ಗೆ ಭಾಷಣ ಮಾಡಬೇಡಿ. ವಾಪಸ್ ಬಂದ ರಿಮೋಟನ್ನು ಮೇಜಿನ ಮೇಲಿಡಿ. ಒಂದೇ ಒಂದು ಅಪಾಯ, ಒಂದೇ ಒಂದು ಬದಲಾವಣೆ, ಅದಕ್ಕೆ ಎಷ್ಟು ದಿನ ಬೇಕು, ಇಷ್ಟು ಹೇಳಿ. ಹತ್ತು ವಿಷಯ ಒಟ್ಟಿಗೆ ತಂದರೆ ಹತ್ತೂ ಬಿದ್ದುಹೋಗುತ್ತವೆ.

ಕಾನೂನಿನ ಮಾತೇ ಬೇಕು ಅಂದರೆ ಅದೂ ನಿಮ್ಮ ಕಡೆ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮದಲ್ಲಿ, ಮಾನದಂಡಕ್ಕೆ ಹೊಂದಿದ ವಸ್ತುವನ್ನು ಸುರಕ್ಷಿತ ಎಂದು ಭಾವಿಸುತ್ತಾರೆ, ನಿಜ. ಆದರೂ ಅದು ಅಪಾಯಕಾರಿ ಎಂದು ಕಂಡುಬಂದರೆ ಅಧಿಕಾರಿಗಳು ಮಾರುಕಟ್ಟೆಯಿಂದ ತೆಗೆಸಬಹುದು. 'ನಾವು ಪಾಸ್ ಆಗಿದ್ದೆವು' ಅನ್ನುವ ಕಾಗದ ಅಲ್ಲಿ ಕೊನೆಯ ಮಾತಲ್ಲ.

ಮಾರಿದ ಮೇಲೆ

ದೂರುಗಳನ್ನು ಒಂದೇ ಪುಸ್ತಕದಲ್ಲಿ ಬರೆಯಿರಿ. ಜನ 'ಅಪಾಯ' ಅನ್ನುವ ಪದ ಬಳಸುವುದಿಲ್ಲ. ಅವರು ಹೇಳುವುದು 'ಸ್ವಲ್ಪ ಬಿಸಿಯಾಗುತ್ತೆ', 'ಏನೋ ವಾಸನೆ ಬರುತ್ತೆ', 'ಸಡಿಲ ಆಗಿದೆ', 'ಟೇಪ್ ಹಾಕಿದ್ದೀನಿ'. ಈ ನಾಲ್ಕು ಮಾತುಗಳನ್ನು ಫೋನ್ ಎತ್ತುವವರ ಮುಂದೆ ಅಂಟಿಸಿಡಿ. ಇವುಗಳಲ್ಲಿ ಒಂದು ಕೇಳಿದರೂ ಆ ಕರೆ ಅದೇ ದಿನ ನಿಮಗೆ ಬರಬೇಕು. ನನಗೆ ಫೋನ್ ಮಾಡಿದ ತಾಯಿ ದೂರು ಹೇಳಲು ಮಾಡಿರಲಿಲ್ಲ. ಒಂದು ಸ್ಕ್ರೂ ಸಿಗುತ್ತದಾ ಅಂತ ಕೇಳಲು ಮಾಡಿದ್ದರು.

ಎಷ್ಟು ದೂರು ಬಂದರೆ ಮಾರಾಟ ನಿಲ್ಲಿಸಬೇಕು, ಹಾಗೆ ನಿಲ್ಲಿಸುವ ಅಧಿಕಾರ ಯಾರಿಗೆ ಅನ್ನುವುದನ್ನು ವಸ್ತು ಹೊರಗೆ ಹೋಗುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ. ದೂರು ಬಂದ ಮೇಲೆ ಈ ಮಾತು ಎತ್ತಿದರೆ ಪ್ರತಿಯೊಬ್ಬರಿಗೂ ಇನ್ನೊಂದು ವಾರ ಕಾಯಲು ಒಂದು ಕಾರಣ ಸಿಗುತ್ತದೆ. ಅಮೆರಿಕದಲ್ಲಿ ಮಾರುವವರಿಗೆ ಕಾಯುವ ಸ್ವಾತಂತ್ರ್ಯವೂ ಇಲ್ಲ. ದೊಡ್ಡ ಗಾಯ ಮಾಡಬಲ್ಲ ದೋಷ ಇದೆ ಎಂದು ತೋರಿಸುವ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ತಿಳಿಸಬೇಕು. ನಮ್ಮ ಕಾಗದದಲ್ಲಿ ಬ್ಯಾಟರಿ ಹೊರಬಂದ ದೂರಿನ ಎದುರು ಇರುವ ಸಂಖ್ಯೆ 1. ನಿಲ್ಲಿಸುವ ಅಧಿಕಾರ ಗುಣಮಟ್ಟ ವಿಭಾಗದಲ್ಲಿ ಆ ದಿನ ಕೆಲಸದಲ್ಲಿ ಇರುವವರಿಗೆ. ಯಜಮಾನರಿಗೆ ಆಮೇಲೆ ಹೇಳಿದರೆ ಸಾಕು.